ಹಳೇ ಪಿಕಪ್ ಮೈಲೇಜ್ ಬಿದ್ದಿದೆಯಾ? ಪಂಪ್ ಬಿಚ್ಚಿಸುವ ಮೊದಲು ಚಕ್ರದ ಬಿಸಿ ನೋಡಿ

2012ರ ಡೀಸೆಲ್ ಪಿಕಪ್, ಮೊದಲು ಲೀಟರಿಗೆ 12 ಕೊಡುತ್ತಿತ್ತು, ಈಗ 9 ದಾಟುತ್ತಿಲ್ಲ, ಮೆಕ್ಯಾನಿಕ್ ನೋಡಿದರೆ ಡೀಸೆಲ್ ಪಂಪ್, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎರಡೂ ಬಿಚ್ಚಬೇಕು, 40 ಸಾವಿರ ಆಗುತ್ತೆ ಅನ್ನುತ್ತಿದ್ದಾರೆ, ಮಾಡಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನು ಕೋಲಾರದ ಕಡೆ ಟೊಮ್ಯಾಟೊ ಲೋಡ್ ಹೊಡೆಯುವವನು. ನಿಮ್ಮ ಹಾಗೇ ಒಂದು ಹಳೇ ಗಾಡಿ ಇಟ್ಟುಕೊಂಡು, ಇದೇ ಮಾತು ಕೇಳಿ 18 ಸಾವಿರ ಸುರಿದವನು.

ಇಂಜೆಕ್ಟರ್ ತುದಿಯ ನಾಜಲ್ ನಾಲ್ಕೂ ಬದಲಾಯಿಸಿದೆ. ಮೈಲೇಜ್ ಅರ್ಧ ಕಿಲೋಮೀಟರ್ ಏರಿತು, ಅಷ್ಟೇ. ಎರಡು ತಿಂಗಳಾದ ಮೇಲೆ ಹಿಂದಿನ ಎಡಗಡೆ ಟೈರ್ ಪಂಕ್ಚರ್ ಆಯ್ತು. ಅಂಗಡಿ ಹುಡುಗ ನಟ್ ಬಿಚ್ಚಲು ಹೋಗಿ, ಕೈ ರಿಮ್‌ಗೆ ತಾಕಿ, ಸಟ್ಟನೆ ಎಳೆದುಕೊಂಡ. "ಅಣ್ಣಾ, ಇದೇನು ದೋಸೆ ಹೆಂಚು ಇದ್ದಂಗೈತೆ" ಅಂದ. ಬಲಗಡೆ ಚಕ್ರ ಮುಟ್ಟಿದರೆ ಬೆಚ್ಚಗೆ ಮಾತ್ರ ಇತ್ತು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟು ಕೈಯಲ್ಲಿ ತಿರುಗಿಸಿದರೆ ಚಕ್ರ ಅರ್ಧ ಸುತ್ತೂ ಬರಲಿಲ್ಲ. ಹ್ಯಾಂಡ್ ಬ್ರೇಕ್ ಕೇಬಲ್ ಒಳಗೇ ತುಕ್ಕು ಹಿಡಿದು, ಲಿವರ್ ಇಳಿಸಿದರೂ ಅದು ವಾಪಸ್ ಬರುತ್ತಲೇ ಇರಲಿಲ್ಲ. ಅಂದರೆ ಅಷ್ಟು ದಿನ ನಾನು ಬ್ರೇಕ್ ಹಿಡಿದುಕೊಂಡೇ ಗಾಡಿ ಓಡಿಸುತ್ತಿದ್ದೆ! ಕೇಬಲ್, ಬ್ರೇಕ್ ಶೂ, ವೀಲ್ ಸಿಲಿಂಡರ್ ಕಿಟ್ ಹಾಕಿಸಿದೆ, ನಾಜಲ್‌ಗೆ ಕೊಟ್ಟಿದ್ದರಲ್ಲಿ ಕಾಲು ಭಾಗವೂ ಆಗಲಿಲ್ಲ. ಒಂಬತ್ತೂವರೆ ಇದ್ದದ್ದು ಹನ್ನೊಂದೂವರೆಗೆ ಬಂತು.

ಹಾಗಾಗಿ ನಾಳೆ ಇಷ್ಟು ಮಾಡಿ. ಖಾಲಿ ರಸ್ತೆಯಲ್ಲಿ 10–15 ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಮುಟ್ಟಬೇಡಿ, ಕೊನೆಯಲ್ಲಿ ಗೇರ್ ಇಳಿಸುತ್ತಾ ನಿಧಾನ ಮಾಡಿ ನಿಲ್ಲಿಸಿ. ಇಳಿದು ನಾಲ್ಕೂ ರಿಮ್ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ, ಮುಟ್ಟಬೇಡಿ, ಸುಟ್ಟುಕೊಳ್ಳುತ್ತೀರಿ. ಒಂದು ಚಕ್ರ ಮಾತ್ರ ಜಾಸ್ತಿ ಕಾದಿದ್ದರೆ ಕಳ್ಳ ಸಿಕ್ಕ ಹಾಗೆ. ಬ್ರೇಕ್ ಅಲ್ಲದಿದ್ದರೆ ಬೇರಿಂಗ್ ಇರಬಹುದು, ಎರಡನ್ನೂ ಬಿಡುವ ಹಾಗಿಲ್ಲ.

ಅದಕ್ಕೂ ಮೊದಲು ಒಂದು ಮಾತು. ಆ 9 ಅನ್ನೋ ಲೆಕ್ಕ ಹೇಗೆ ಬಂತು? 500 ರೂಪಾಯಿಗೆ ಹಾಕಿಸಿ ಮುಳ್ಳು ನೋಡಿ ಹೇಳುವುದು ಲೆಕ್ಕವಲ್ಲ. ಒಂದೇ ಬಂಕ್, ಒಂದೇ ಪಂಪ್, ಟ್ಯಾಂಕ್ ತುಂಬಿ ಪಂಪ್ ತಾನೇ ಆಟೋ ಕಟ್ ಆದ ಕೂಡಲೇ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 300 ಕಿಲೋಮೀಟರ್ ಓಡಿಸಿ ಮತ್ತೆ ಅಲ್ಲೇ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ. ಎರಡು ಸಲ ಮಾಡಿ. ಬಂಕ್ ಮೇಲೇ ಅನುಮಾನ ಇದ್ದರೆ 5 ಲೀಟರ್ ಅಳತೆ ಪಾತ್ರೆ ಕೇಳಿ, ಅದು ಪ್ರತಿ ಬಂಕಿನಲ್ಲೂ ಇರಬೇಕು, ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು. ಮತ್ತೆ ಟೈರ್ ಸೈಜ್ ಬದಲಾಯಿಸಿದ್ದೀರಾ? 215/75 ಆರ್15 ತೆಗೆದು 235/75 ಆರ್15 ಹಾಕಿದ್ದರೆ ಟೈರ್ ಸುಮಾರು 4 ಪರ್ಸೆಂಟ್ ದೊಡ್ಡದಾಗುತ್ತದೆ. ಗಾಡಿ 100 ಕಿಲೋಮೀಟರ್ ಓಡಿದರೆ ಮೀಟರ್ 96 ತೋರಿಸುತ್ತದೆ, ಮೈಲೇಜ್ ಸುಮ್ನೆ ಕಾಗದದ ಮೇಲೆ ಬೀಳುತ್ತದೆ.

ಲೋಡ್ ಕೂಡ ನೋಡಿ. ನಮ್ಮ ಮಂಡಿಯಲ್ಲಿ ಬಾಕ್ಸ್ ಎಣಿಸುತ್ತಾರೆ, ತೂಕ ಯಾರೂ ಕೇಳಲ್ಲ. ಒಂದು ಬಾಕ್ಸ್ 15 ಕೆ.ಜಿ. ಅಂದರೆ 100 ಬಾಕ್ಸಿಗೆ ಒಂದೂವರೆ ಟನ್, ಖಾಲಿ ಕ್ರೇಟಿನ ತೂಕ ಬೇರೆ. ಮೊದಲು 70 ಹಾಕುತ್ತಿದ್ದವರು ಈಗ 100 ಹಾಕಿ ಮೈಲೇಜ್ ಹೋಯ್ತು ಅಂದರೆ ಎಂಜಿನ್ ಏನು ಮಾಡುತ್ತೆ, ಅಲ್ವಾ? ಟೈರಿನ ಗಾಳಿಯಂತೂ ಲೋಡಿಗೆ ತಕ್ಕ ಹಾಗೆ ಇರಲೇಬೇಕು.

ಇನ್ನೊಂದು, ತುಂಬಾ ಜನ ಮರೆಯುವುದು, ಥರ್ಮೋಸ್ಟಾಟ್ ವಾಲ್ವ್, ಅಂದರೆ ಎಂಜಿನ್ ಕಾಯುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್. ಯಾವಾಗಲಾದರೂ ಗಾಡಿ ಹೀಟ್ ಆಗಿದ್ದಾಗ ಯಾರಾದರೂ ಮೆಕ್ಯಾನಿಕ್ "ಇದು ಬೇಡ ಬಿಡಿ, ನಮ್ಮ ಊರ ಬಿಸಿಲಿಗೆ ಯಾಕೆ" ಅಂತ ಅದನ್ನು ಕಿತ್ತು ಬಿಸಾಡಿರಬಹುದು. ವಾಲ್ವ್ ಇಲ್ಲದಿದ್ದರೆ ಎಂಜಿನ್ ಕಾಯಬೇಕಾದಷ್ಟು ಕಾಯಲ್ಲ, ಡೀಸೆಲ್ ಜಾಸ್ತಿ ಎಳೆಯುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿ, ಫ್ಯಾನಿಗೂ ಬೆಲ್ಟಿಗೂ ಕೈ ಸಿಗದ ಹಾಗೆ, ರೇಡಿಯೇಟರ್ ಮೇಲಿನ ಹೋಸ್ ಮುಟ್ಟಿ. ಸ್ವಲ್ಪ ಹೊತ್ತು ತಣ್ಣಗೇ ಇದ್ದು ಆಮೇಲೆ ಒಮ್ಮೆಗೇ ಬಿಸಿಯಾದರೆ ವಾಲ್ವ್ ಸರಿಯಿದೆ. ಮೊದಲ ನಿಮಿಷದಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಬಂದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದುಕೊಂಡೇ ಸಿಕ್ಕಿಕೊಂಡಿದೆ. ಓಡುವಾಗ ಟೆಂಪರೇಚರ್ ಮುಳ್ಳು ತಳದಲ್ಲೇ ಇದ್ದರೂ ಅದೇ ಕಥೆ.

ಲೋಡ್ ಹಾಕಿ ಏರು ಹತ್ತುವಾಗ ಕನ್ನಡಿಯಲ್ಲಿ ಹಿಂದೆ ನೋಡಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಬೀಳುತ್ತಿದೆ. ಮೊದಲು ಏರ್ ಫಿಲ್ಟರ್, ತೋಟದ ದಾರಿಯ ಕೆಂಪು ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಟರ್ಬೊ ಹೋಸ್, ಅಂದರೆ ಟರ್ಬೊ ಒತ್ತಿದ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ಪೈಪ್. ಏರಿನಲ್ಲಿ ಉಸ್ಸ್ ಅಂತ ಗಾಳಿ ಹೋಗುವ ಸದ್ದು ಬಂದು ಎಳೆತವೂ ಇಲ್ಲದಿದ್ದರೆ ಹೋಸ್ ಸೀಳಿರುತ್ತದೆ, ಸೀಳಿದ ಕಡೆ ಆಯಿಲ್ ಜಿಡ್ಡು ಕಾಣುತ್ತದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ಅದು ಬೇರೆಯೇ ಖರ್ಚು. ಎಂಜಿನ್ ಕಿರುಚುತ್ತಿದೆ, ಸ್ಪೀಡ್ ಏರುತ್ತಿಲ್ಲ ಅಂದರೆ ಕ್ಲಚ್ ಜಾರುತ್ತಿದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸ ಇದ್ದರೆ ಬಿಡಿ. ಗೇರ್‌ನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ತಾನೇ ಕಟ್ ಆಗುತ್ತದೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ. ಮೇಲಿಂದ ಬ್ರೇಕ್ ಕಾದು ಕೈಕೊಟ್ಟರೆ ಗತಿ ಏನು?

ಇಷ್ಟೂ ಸರಿಯಿದ್ದರೆ ಆಗ ಇಂಜೆಕ್ಟರ್ ಮಾತು. ಆಗಲೂ ಸೀದಾ ಬಿಚ್ಚಿಸಬೇಡಿ. ನಿಮ್ಮದು ಕಾಮನ್ ರೈಲ್ ಎಂಜಿನ್ (ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಒತ್ತಡದ ಡೀಸೆಲ್ ಹೋಗುವಂಥದ್ದು) ಆದರೆ ಮೆಕ್ಯಾನಿಕ್‌ಗೆ ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ರಿಟರ್ನ್ ಪೈಪ್ ತೆಗೆದು ಪ್ರತಿ ಇಂಜೆಕ್ಟರಿಗೂ ಒಂದೊಂದು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸಲು ಹೇಳಿ. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಮೊದಲು ಅದೊಂದನ್ನೇ ಬಿಚ್ಚಿ ಟೆಸ್ಟಿಗೆ ಕಳಿಸಲಿ, ನಾಲ್ಕನ್ನೂ ಅಲ್ಲ. ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿಡಿ, ಬೆಳಿಗ್ಗೆ ಅದರ ಮೇಲೆ ಡೀಸೆಲ್ ಕಲೆ ಇದ್ದರೆ ಬಾಟಲಿ ಕಟ್ಟುವ ಮೊದಲು ಅದು ಎಲ್ಲಿಂದ ಸೋರುತ್ತಿದೆ ಅಂತ ಹುಡುಕಿ ಸರಿಮಾಡಿಸಿ.