‘ನಿನ್ನೆ ಬಂದವರು’ ಎನ್ನುವವರಿಗೆ

ಪತ್ರ: ಹನ್ನೆರಡು ವರ್ಷಗಳ ಹಿಂದೆ ದೀಕ್ಷಾಸ್ನಾನ ಪಡೆದು ಕಥೋಲಿಕನಾದೆ. ಮನೆಯವರು ತಂಗಿಯ ಮದುವೆಗೂ ಕರೆಯಲಿಲ್ಲ. ಈಚೆಗೆ ಚರ್ಚಿನ ಸಭೆಯಲ್ಲಿ ಹಬ್ಬದ ವಂತಿಗೆಯ ಲೆಕ್ಕ ಕೇಳಿದಾಗ ಹಿರಿಯರೊಬ್ಬರು, ‘ನಿನ್ನೆ ಬಂದವರು ನಮಗೆ ಕಲಿಸಬೇಡಿ’ ಎಂದರು. ನನ್ನಂತೆಯೇ ಸೇರಿದ ಗೆಳೆಯ, ಹಳೆಯ ಕಾಲದಂತೆ ಲ್ಯಾಟಿನ್‌ನಲ್ಲೇ ಪೂಜೆ ನಡೆಸುವ ಪ್ರತ್ಯೇಕ ಗುಂಪಿಗೆ ಹೋಗೋಣ ಎನ್ನುತ್ತಾನೆ. ಏನು ಮಾಡಲಿ?
— ಓದುಗ, ಗೋಕಾಕ

ಉತ್ತರ: ತಂಗಿಯ ಮದುವೆಯ ಸಾಲನ್ನು ದಾಟಿ ಮುಂದೆ ಓದಲು ನನಗೆ ಹೊತ್ತು ಹಿಡಿಯಿತು. ನಾನು ತೊಟ್ಟಿಲಲ್ಲಿದ್ದಾಗಲೇ ದೀಕ್ಷಾಸ್ನಾನ ಪಡೆದವನು. ಅದಕ್ಕಾಗಿ ಏನನ್ನೂ ಕಳೆದುಕೊಂಡಿಲ್ಲ. ಬೆಲೆ ತೆತ್ತು ಬಂದವರು ನೀವು.

ಲೆಕ್ಕದ ವಿಷಯ ಸರಳ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯಂತೆ ಪ್ರತಿ ಧರ್ಮಕೇಂದ್ರದಲ್ಲೂ, ಅಂದರೆ ನಿಮ್ಮ ಚರ್ಚಿನಂಥ ಪ್ರತಿ ಚರ್ಚಿನಲ್ಲೂ, ಹಣಕಾಸು ಸಮಿತಿ ಇರಲೇಬೇಕು (ವಿಧಿ 537). ಭಕ್ತರ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು (1287). ಧರ್ಮಸಭೆಯ ಹಿತಕ್ಕಾಗಿ ಅನಿಸಿದ್ದನ್ನು ಗುರುಗಳಿಗೆ ಹೇಳುವುದು ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು (212). ಹಳಬ, ಹೊಸಬ ಎಂಬ ಭೇದ ಅಲ್ಲೆಲ್ಲೂ ಇಲ್ಲ. ಮತ್ತೆ ಕೇಳಿ, ಈ ಸಲ ಬರೆದು ಕೇಳಿ.

ಇನ್ನು ಬಿಟ್ಟು ಹೋಗುವ ಮಾತು. ನಿಮ್ಮಂತೆಯೇ ಹೊರಗಿನಿಂದ ಬಂದವರೊಬ್ಬರ ಕಥೆ ಕೇಳಿ. 1845ರ ಅಕ್ಟೋಬರ್ 8ರ ರಾತ್ರಿ ಆಕ್ಸ್‌ಫರ್ಡ್ ಬಳಿಯ ಲಿಟಲ್‌ಮೋರ್‌ಗೆ ಡೊಮಿನಿಕ್ ಬಾರ್ಬೇರಿ ಎಂಬ ಇಟಲಿಯ ಗುರುಗಳು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದರು. ಬೆಂಕಿಯ ಮುಂದೆ ಮೈ ಒಣಗಿಸಿಕೊಳ್ಳುತ್ತಿದ್ದಾಗಲೇ ಇಂಗ್ಲೆಂಡಿನ ಪ್ರೊಟೆಸ್ಟೆಂಟರ ಆಂಗ್ಲಿಕನ್ ಸಭೆಯಲ್ಲಿ ಪಾದ್ರಿಯಾಗಿದ್ದ ಜಾನ್ ಹೆನ್ರಿ ನ್ಯೂಮನ್ ಒಳಗೆ ಬಂದು ಅವರ ಕಾಲಿಗೆ ಬಿದ್ದರು. ಕಥೋಲಿಕ ಸಭೆಗೆ ಸೇರಿಸಿಕೊಳ್ಳಿ ಎಂದು ಬೇಡಿದರು. ಆಗ ನ್ಯೂಮನ್‌ಗೆ 44 ವರ್ಷ. ಹಳೆಯ ಗೆಳೆಯರು ದೂರವಾದರು. 1859ರಲ್ಲಿ, ಸಿದ್ಧಾಂತದ ವಿಷಯದಲ್ಲೂ ಸಾಮಾನ್ಯ ಭಕ್ತರ ಮನಸ್ಸನ್ನು ತಿಳಿಯಬೇಕು ಎಂದು ಬರೆದದ್ದಕ್ಕೆ ಬಿಷಪ್ ಒಬ್ಬರು ರೋಮ್‌ಗೆ ದೂರಿತ್ತರು. 1870ರಲ್ಲಿ ರೋಮ್‌ನಲ್ಲಿ ಸೇರಿದ ಬಿಷಪ್ಪರ ಮಹಾಸಭೆ, ಪೋಪರ ವಿಧ್ಯುಕ್ತ ಬೋಧನೆ ತಪ್ಪಲಾರದು ಎಂದು ಘೋಷಿಸಲು ಹೊರಟಾಗ, ಇದಕ್ಕೆ ಇದು ಕಾಲವಲ್ಲ ಎಂದು ನ್ಯೂಮನ್ ನೊಂದುಕೊಂಡರು. ಆ ಘೋಷಣೆಗಾಗಿ ಪಟ್ಟು ಹಿಡಿದ ಇಂಗ್ಲೆಂಡಿನ ಆರ್ಚ್‌ಬಿಷಪ್ ಮ್ಯಾನಿಂಗ್ ಕೂಡ ಆಂಗ್ಲಿಕನ್ ಸಭೆ ಬಿಟ್ಟು ಬಂದವರೇ! ಒಪ್ಪದ ಕೆಲವರು ಜರ್ಮನಿಯಲ್ಲಿ ಹಳೆಯ ಕಥೋಲಿಕ ಸಭೆ ಕಟ್ಟಿಕೊಂಡರು. ನ್ಯೂಮನ್ ಘೋಷಣೆಯನ್ನು ಒಪ್ಪಿ ಉಳಿದರು. ಆದರೆ 1875ರಲ್ಲಿ ಅದರ ಮಿತಿಯನ್ನೂ ಮನಸ್ಸಾಕ್ಷಿಯ ಹಿರಿಮೆಯನ್ನೂ ಬಿಡಿಸಿ ಬರೆದರು. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ನ್ಯೂಮನ್‌ರನ್ನು ಕಾರ್ಡಿನಲ್ ಮಾಡಿದರು.

ನಿಮ್ಮ ಗೆಳೆಯರಿಗೆ ಲ್ಯಾಟಿನ್ ಪೂಜೆಯ ಮೇಲೆ ಪ್ರೀತಿಯಿದ್ದರೆ ಅದು ತಪ್ಪಲ್ಲ, ಒಡಕೂ ಅಲ್ಲ. ಆದರೆ 1988ರಲ್ಲಿ, ಹಳೆಯ ಲ್ಯಾಟಿನ್ ಪೂಜೆಯನ್ನೇ ಎತ್ತಿಹಿಡಿದ ಫ್ರಾನ್ಸಿನ ಆರ್ಚ್‌ಬಿಷಪ್ ಲೆಫೆವ್ರ್ ಪೋಪರ ಅಪ್ಪಣೆಯಿಲ್ಲದೆ ನಾಲ್ವರನ್ನು ಬಿಷಪ್ಪರನ್ನಾಗಿ ಅಭಿಷೇಕಿಸಿದರಲ್ಲ, ಅದನ್ನು ಪೋಪ್ ಎರಡನೆಯ ಜಾನ್ ಪಾಲ್ ಒಡಕಿನ ಕೃತ್ಯ ಎಂದರು. ಪುಸ್ತಕದಲ್ಲಿ ಓದಿ ಮನಸೋತ ಸಭೆ ಊರಿನ ಚರ್ಚಿನಲ್ಲಿ ಕಾಣದಿದ್ದರೆ ಆಗುವ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಲ್ಯಾಟಿನ್ ಪೂಜೆಯ ಕಾಲವನ್ನು ಕಂಡ ನನ್ನ ಅಜ್ಜಿ, ಒಂದು ಪದವೂ ತಿಳಿಯದೆ ಪೂಜೆ ಮುಗಿಯುವವರೆಗೂ ಸೆರಗಿನಡಿ ಜಪಸರದ ಮಣಿ ಎಣಿಸುತ್ತಿದ್ದರು. ಮೊದಲ ಸಲ ತನ್ನ ಮಾತಿನಲ್ಲಿ ಪೂಜೆ ಕೇಳಿದ ದಿನ ಮಣಿ ಎಣಿಸುವುದನ್ನೇ ಮರೆತೆ ಎನ್ನುತ್ತಿದ್ದರು. ಇದನ್ನು ಗೆಳೆಯರಿಗೆ ಹೇಳಿ.

ಇಬ್ಬರೂ ಒಮ್ಮೆ ಬೆಳಗಾವಿಗೆ ಬನ್ನಿ. ಶನಿವಾರ ಸಂಜೆ ನಾನು ಕಚೇರಿಯಲ್ಲೇ ಇರುತ್ತೇನೆ. ಆ ಮೂರು ವಿಧಿಗಳ ಪ್ರತಿ ತೆಗೆಸಿ ಇಟ್ಟಿದ್ದೇನೆ. ಅರ್ಜಿಯನ್ನು ಒಟ್ಟಿಗೆ ಕುಳಿತು ಬರೆಯೋಣ.