ದುಬೈಗೆ ಮಕ್ಕಳ ಜೊತೆ: ಮಧ್ಯಾಹ್ನವನ್ನು ಬಿಟ್ಟುಕೊಡಿ

ರಜೆಯಲ್ಲಿ ದುಬೈಗೆ ಹೊರಟವರಿಂದ ಈ ಸಲ ಹಲವು ಪತ್ರಗಳು ಬಂದಿವೆ. ದುಬೈನ ಕ್ಲಿನಿಕ್ ಒಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಊರಿಗೆ ಮರಳಿರುವ ಮಕ್ಕಳ ವೈದ್ಯೆ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ಮೇ ಎರಡನೇ ವಾರ ಐದು ದಿನ ದುಬೈಗೆ ಹೋಗಬೇಕು ಅಂತಿದ್ದೇವೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ, ಜೊತೆಗೆ 62 ವರ್ಷದ ಅಮ್ಮ. ಆಗ ಹೋಟೆಲ್ ರೇಟು ಕಮ್ಮಿಯಂತೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಒಂದೇ ದಿನ ಬೆಳಿಗ್ಗೆ 10ಕ್ಕೆ ಮಿರಾಕಲ್ ಗಾರ್ಡನ್ ಅನ್ನುವ ಹೂದೋಟ, ಮಧ್ಯಾಹ್ನ 3ಕ್ಕೆ ಮರಳುಗಾಡಿನ ಡೆಸರ್ಟ್ ಸಫಾರಿ ಇದೆ. ಶಾರ್ಜಾದಲ್ಲಿರುವ ಬಾಮೈದ ‘ಇಲ್ಲಿ ಎಲ್ಲ ಕಡೆ ಎಸಿ, ಏನೂ ಆಗಲ್ಲ, ಬನ್ನಿ ಭಾವ’ ಅಂತಾನೆ. ದಾವಣಗೆರೆ ಬಿಸಿಲಲ್ಲಿ ಬೆಳೆದ ಮಕ್ಕಳಿಗೆ ಅದೇನು ದೊಡ್ಡದಾ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ದಾವಣಗೆರೆಯದು ಒಣ ಬಿಸಿಲು. ಬೆವರು ಬರುತ್ತದೆ, ಗಾಳಿಗೆ ಆರುತ್ತದೆ, ಮೈ ತಂಪಾಗುತ್ತದೆ. ದುಬೈ ಸಮುದ್ರದ ದಂಡೆಯ ಊರು. ರಾಯಚೂರಿನ ಬಿಸಿಲನ್ನೂ ಮಂಗಳೂರಿನ ಸೆಕೆಯನ್ನೂ ಒಟ್ಟಿಗೆ ತಂದಿಟ್ಟ ಹಾಗೆ. ಮೇ ತಿಂಗಳಲ್ಲಿ ಹಗಲಿನ ಬಿಸಿ ಸರಾಸರಿ 38 ಡಿಗ್ರಿ ಹತ್ತಿರ ಇರುತ್ತದೆ, 40 ದಾಟುವ ದಿನಗಳೂ ಬರುತ್ತವೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಬೆವರು ಆರುವುದೇ ಇಲ್ಲ, ಸುಮ್ನೆ ಹರಿದು ಹೋಗುತ್ತದೆ. ಮೂರು ವರ್ಷದ ಮಗುವಿಗೆ ಇದು ನಮಗಿಂತ ಕಷ್ಟ. ತೂಕಕ್ಕೆ ಹೋಲಿಸಿದರೆ ಅವನ ಚರ್ಮದ ಹರವು ಹೆಚ್ಚು, ಹಾಗಾಗಿ ಹೊರಗಿನ ಕಾವು ಬೇಗ ಮೈಗೆ ಇಳಿಯುತ್ತದೆ. ಬೆವರುವುದೂ ನಮಗಿಂತ ಕಮ್ಮಿ. ಆಟದ ಗುಂಗಿನಲ್ಲಿದ್ದರೆ ನೀರು ಬೇಕು ಅಂತ ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಕ್ಲಿನಿಕ್‌ನಲ್ಲಿ ನಾನು ಮರೆಯದ ಒಂದು ಸಂಜೆ ಇದೆ. ನಿಮ್ಮ ಮಗನ ವಯಸ್ಸಿನದೇ ಹುಡುಗ. ಅಪ್ಪನ ಹೆಗಲ ಮೇಲೆ ಮಲಗಿದ್ದ. ‘ಸುಸ್ತಾಗಿದಾನೆ ಅಷ್ಟೇ ಡಾಕ್ಟ್ರೇ, ಬೆಳಿಗ್ಗೆಯಿಂದ ಓಡಾಡಿದೀವಲ್ಲ’ ಅಂದರು ಅಪ್ಪ. ನಾಲಿಗೆ ಮುಟ್ಟಿ ನೋಡಿದೆ, ಒಣಗಿದ ಬಟ್ಟೆ ಮುಟ್ಟಿದ ಹಾಗಿತ್ತು. ಡೈಪರ್ ಬೆಳಿಗ್ಗೆ ಕಟ್ಟಿದ್ದು, ಸಂಜೆ ನಾಲ್ಕಾದರೂ ಒಂದು ಹನಿ ಇಲ್ಲ. ಸೂಜಿ ಚುಚ್ಚಿದಾಗ ಅತ್ತ, ಆದರೆ ಕಣ್ಣಲ್ಲಿ ನೀರು ಬರಲಿಲ್ಲ. ಮರುದಿನ ಬೆಳಿಗ್ಗೆ ಚೆನ್ನಾಗಿಯೇ ಎದ್ದು ಕೂತ. ಆ ತಂದೆ-ತಾಯಿ ಮಗುವನ್ನು ಪ್ರೀತಿಸದವರಲ್ಲ, ಕೈಯಲ್ಲಿದ್ದ ಪಟ್ಟಿ ಮುಗಿಸುವ ಅವಸರದಲ್ಲಿದ್ದರು. ಅದಕ್ಕೇ ಪಟ್ಟಿ ಕಂಡರೆ ನನಗೆ ಭಯ.

ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು. ಮಧ್ಯಾಹ್ನವನ್ನು ಬಿಟ್ಟುಕೊಡಿ. ದುಬೈ ಸೇರಿರುವ ಯುಎಇ ದೇಶದಲ್ಲಿ ಪ್ರತಿ ವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಅದು ಅಲ್ಲಿನ ನಿಯಮ. ಗಟ್ಟಿಮುಟ್ಟಾದ ಕೆಲಸಗಾರರನ್ನೇ ಆ ಹೊತ್ತಿನಲ್ಲಿ ನೆರಳಿಗೆ ಕಳಿಸುವ ಊರಿನಲ್ಲಿ ಮೂರು ವರ್ಷದ ಮಗುವನ್ನು ನಾವು ಯಾಕೆ ಹೊರಗೆ ನಡೆಸಬೇಕು? ನೀವು ಹೋಗುವುದು ಮೇ ತಿಂಗಳಲ್ಲೇ ಆದರೂ 11ರಿಂದ 4ರವರೆಗೆ ಊಟ, ನಿದ್ದೆ, ಹೋಟೆಲ್ ರೂಮು. ಅಮ್ಮನಿಗೂ ಇದೇ ಸರಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಹೊರಡುವ ಮುಂಚೆ ಅವರ ಡಾಕ್ಟರಿಗೆ ಒಂದು ಮಾತು ಕೇಳಿ. ಕೆಲವು ಮಾತ್ರೆಗಳು ಮೂತ್ರ ಹೆಚ್ಚು ಮಾಡಿ ಮೈಯ ನೀರು ಇಳಿಸುತ್ತವೆ.

ಹಾಗಾದರೆ ದಿನ ಹೇಗೆ? ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಮಕ್ಕಳು ಅಲ್ಲಿನ ಐದು-ಐದೂವರೆಗೇ ಏಳುತ್ತಾರೆ. ಇದು ನಿಮಗೆ ಸಿಕ್ಕ ಲಾಭ, ಮತ್ತೆ ಮಲಗಿಸಬೇಡಿ. ಆರು ಗಂಟೆಗೆ ಜುಮೇರಾ ಕಡೆಯ ಬೀಚಿಗೆ ಕರೆದುಕೊಂಡು ಹೋಗಿ, ಎಂಟಕ್ಕೆ ವಾಪಸ್ ಬನ್ನಿ. ತಿಂಡಿ ಮುಗಿಸಿ ಒಳಾಂಗಣದ ಒಂದೇ ಒಂದು ಜಾಗ ನೋಡಿ. ದುಬೈ ಮಾಲ್‌ನ ಅಕ್ವೇರಿಯಂ ಇದೆಯಲ್ಲ, ಅದರ ತೊಟ್ಟಿ 1 ಕೋಟಿ ಲೀಟರಿನದು. ಟಿಕೆಟ್ ಇಲ್ಲದೆಯೂ ಮಾಲ್‌ನಲ್ಲಿ ನಿಂತು ಆ ದೊಡ್ಡ ಗಾಜಿನಾಚೆ ಶಾರ್ಕ್ ನೋಡಬಹುದು. ಮೂರು ವರ್ಷದವನಿಗೆ ಅಷ್ಟು ಸಾಕು. ಒಂದು ಎಚ್ಚರ ಇರಲಿ. ಮೆಟ್ರೋ ಸ್ಟೇಷನ್ನಿನ ಹೆಸರು ‘ಬುರ್ಜ್ ಖಲೀಫಾ/ದುಬೈ ಮಾಲ್’ ಅಂತಿದೆ, ಇಳಿದ ತಕ್ಷಣ ಮಾಲ್ ಅಂದುಕೊಳ್ಳಬೇಡಿ. ನಡುವೆ ಮುಕ್ಕಾಲು ಕಿಲೋಮೀಟರಿಗೂ ಜಾಸ್ತಿ ಉದ್ದದ ಎಸಿ ದಾರಿ ಇದೆ. ಅಮ್ಮನ ಮಂಡಿ, ಮಗನ ಕಾಲು ಎರಡನ್ನೂ ನೆನೆದು ಆ ದಿನ ಟ್ಯಾಕ್ಸಿಯಲ್ಲೇ ಹೋಗಿ.

ಬುರ್ಜ್ ಖಲೀಫಾ ಮೇಲೆ ಹತ್ತುವುದಾದರೆ ಸೂರ್ಯಾಸ್ತದ ಹೊತ್ತಿನ ಟಿಕೆಟ್ ದುಬಾರಿ, ನೂಕುನುಗ್ಗಲೂ ಅಷ್ಟೇ. ಬೆಳಗಿನದು ತೆಗೆದುಕೊಳ್ಳಿ.

ಸಂಜೆ ಐದೂವರೆ ಮೇಲೆ ಹಳೇ ದುಬೈಗೆ ಹೋಗಿ. ಅಲ್ಲಿನ ಖಾರಿಯ ಒಂದು ದಡ ಬರ್ ದುಬೈ, ಇನ್ನೊಂದು ದೇರಾ; ನಡುವೆ ಅಬ್ರಾ ಅನ್ನುವ ಮರದ ದೋಣಿ ಹೋಗುತ್ತದೆ. ದೊಡ್ಡ ದೊಡ್ಡ ಟಿಕೆಟ್‌ಗಳ ಊರಿನಲ್ಲಿ ಇದಕ್ಕೆ ತಲೆಗೆ ಅಲ್ಲಿನ ದುಡ್ಡಿನಲ್ಲಿ ಒಂದೇ ಒಂದು ದಿರ್ಹಮ್. ನೀರ ಮೇಲಿನ ಗಾಳಿ, ತಲೆಯ ಹತ್ತಿರವೇ ಹಾರುವ ಹಕ್ಕಿಗಳು, ದಡದಲ್ಲಿ ಸರಕು ತುಂಬಿದ ಹಡಗುಗಳು. ವಾಪಸ್ ಬಂದ ಮಕ್ಕಳು ಯಾವುದನ್ನು ನೆನಪಿಟ್ಟುಕೊಂಡಿದ್ದಾರೆ ಅಂತ ನಾನು ಕೇಳುತ್ತಲೇ ಇರುತ್ತಿದ್ದೆ. ಬಹಳ ಸಲ ಬಂದ ಉತ್ತರ ಆ ದೋಣಿ. ಬರ್ ದುಬೈ ದಡದ ಹತ್ತಿರದ ಅಲ್ ಫಹೀದಿ ಓಣಿಗಳಲ್ಲಿ ಹಳೇ ಮನೆಗಳ ಗಾಳಿಗೋಪುರಗಳನ್ನು ಮಗಳಿಗೆ ತೋರಿಸಿ. ಕರೆಂಟ್ ಇಲ್ಲದ ಕಾಲದಲ್ಲಿ ಮೇಲಿನ ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುತ್ತಿದ್ದ ಗೋಪುರಗಳು ಅವು. ಎಂಟು ವರ್ಷದವಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಏಜೆಂಟ್ ಪಟ್ಟಿಯಲ್ಲಿರುವ ಮಿರಾಕಲ್ ಗಾರ್ಡನ್ ವರ್ಷವಿಡೀ ಇರುವುದಿಲ್ಲ. ಅದೂ ಗ್ಲೋಬಲ್ ವಿಲೇಜ್ ಅನ್ನುವ ಬಯಲು ಮೇಳವೂ ಹೆಚ್ಚು ಕಮ್ಮಿ ಅಕ್ಟೋಬರ್‌ನಿಂದ ಮೇ ತನಕದ ಜಾಗಗಳು. ಮೇ ಎರಡನೇ ವಾರ ಅಂದರೆ ಬಾಗಿಲು ಹಾಕುವ ಹೊತ್ತು. ತೆರೆದಿದೆಯಾ ಅಂತ ಕೇಳದೆ ದುಡ್ಡು ಕೊಡಬೇಡಿ. ದಿನಾಂಕ ಬದಲಿಸಲು ಆಗುವುದಾದರೆ ರಜೆ ಶುರುವಾದ ಕೂಡಲೇ, ಏಪ್ರಿಲ್ ಮಧ್ಯದಲ್ಲಿ ಹೋಗಿ ಬನ್ನಿ. ಆಗ ಬಿಸಿ 33-34ರ ಆಸುಪಾಸು. ನಾಲ್ಕೈದು ಡಿಗ್ರಿ ಅಷ್ಟೇ ಅನ್ನಿಸಬಹುದು, ಮಗುವಿಗೆ ಅದು ದೊಡ್ಡ ವ್ಯತ್ಯಾಸ. ಡಿಸೆಂಬರ್ ಎಲ್ಲಕ್ಕಿಂತ ಹಿತ, ಆದರೆ ಹೋಟೆಲ್ ರೇಟು ಏರಿರುತ್ತದೆ.

ಇನ್ನು ನಿಮ್ಮ ಬಾಮೈದ ಹೇಳಿದ ಎಸಿ. ಅವರ ಮಾತು ಸುಳ್ಳಲ್ಲ, ಕೆಲವು ಬಸ್ ಸ್ಟಾಪಿಗೂ ಎಸಿ ಇದೆ. ಆದರೆ ಮಾಲ್‌ಗಳಲ್ಲಿ ದೊಡ್ಡವರಿಗೇ ಚಳಿಯಾಗುವಷ್ಟು ತಂಪು. ಬೆವರಿದ ಅಂಗಿಯಲ್ಲೇ ಒಳಗೆ ಹೋದರೆ ಮಕ್ಕಳು ನಡುಗುತ್ತಾರೆ. ಬ್ಯಾಗಲ್ಲಿ ಒಂದು ಒಣ ಹತ್ತಿ ಅಂಗಿ, ತೆಳು ಸ್ವೆಟರ್ ಇರಲಿ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ನಲ್ಲಿ ನೀರು. ಬೇಸಿಗೆಯಲ್ಲಿ ಕೆಲವು ಕಟ್ಟಡಗಳಲ್ಲಿ ಮಹಡಿ ಮೇಲಿನ ಟ್ಯಾಂಕ್ ಕಾದು ತಣ್ಣೀರು ನಲ್ಲಿಯಲ್ಲೂ ಬಿಸಿನೀರು ಬರುತ್ತದೆ. ಅಲ್ಲಿನವರು ಗೀಸರ್ ಆಫ್ ಮಾಡಿ, ಅದರಲ್ಲಿ ತಣಿದ ನೀರನ್ನೇ ಸ್ನಾನಕ್ಕೆ ಬಳಸುವುದುಂಟು. ಬಾಮೈದನ ಮನೆಯಲ್ಲಿ ಉಳಿಯುವುದಾದರೆ ಮೊದಲು ನಿಮ್ಮ ಕೈ ಒಡ್ಡಿ ನೋಡಿ, ಆಮೇಲೆ ಮಗುವಿನ ತಲೆಗೆ ನೀರು ಹಾಕಿ. ಪಾರ್ಕಿನ ಜಾರುಬಂಡೆಗೂ ಇದೇ ಮಾತು, ಅಂಗೈ ಇಟ್ಟು ಐದು ಎಣಿಸಿ. ನಿಮಗೆ ತಡೆಯದಿದ್ದರೆ ಮಗು ಕೂರುವುದು ಬೇಡ.

ಓಆರ್‌ಎಸ್ ಪುಡಿ ಇಲ್ಲಿಂದಲೇ ಒಯ್ಯಿರಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಚಿಕ್ಕದಕ್ಕೆ 200 ಮಿಲಿ. ಅಂದಾಜಿಗೆ ಕಲಸಬೇಡಿ, ಗಟ್ಟಿಯಾದರೆ ತೊಂದರೆ. ಸಿಹಿ ಜ್ಯೂಸು ಇದಕ್ಕೆ ಬದಲಿ ಅಲ್ಲ. ಆರು ಗಂಟೆ ಮೂತ್ರ ಹೋಗಿಲ್ಲ, ನಾಲಿಗೆ ಒಣಗಿದೆ, ಮಗು ಮಂಕಾಗಿದೆ ಅಂದರೆ ಅದನ್ನು ಸುಸ್ತು ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಮೈ ಕೆಂಡದಂತಾಗಿ ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ಅಥವಾ ಫಿಟ್ಸ್ ಬಂದರೆ ತಣ್ಣನೆ ಜಾಗಕ್ಕೆ ತಂದು, ಬಟ್ಟೆ ತೆಗೆದು, ನೀರಿನಿಂದ ಮೈ ಒದ್ದೆ ಮಾಡಿ ಗಾಳಿ ಹಾಕಿ. ಬಾಯಿಗೆ ಏನೂ ಹಾಕಬೇಡಿ. ಜೊತೆಯಲ್ಲಿ ಇನ್ನೊಬ್ಬರು ಆಂಬ್ಯುಲೆನ್ಸಿಗೆ ಫೋನ್ ಮಾಡಲಿ. ನಂಬರ್ 998.

ಪ್ರಶ್ನೆ: ನನ್ನ ಗಂಡ ದುಬೈಯಲ್ಲಿದ್ದಾರೆ. ಅಕ್ಟೋಬರ್ ಕೊನೆಗೆ 14 ತಿಂಗಳ ಮಗುವನ್ನು ಕರೆದುಕೊಂಡು ಮಂಗಳೂರಿನಿಂದ ಮೊದಲ ಸಲ ಹೋಗುತ್ತಿದ್ದೇನೆ. ತಳ್ಳುಗಾಡಿ ಬೇಕಾ? ಮಗು ರಾಗಿ ಮಣ್ಣಿ ಬಿಟ್ಟು ಬೇರೆ ತಿನ್ನುವುದು ಕಡಿಮೆ.

ಉತ್ತರ: ತಳ್ಳುಗಾಡಿ ಬೇಕು. ಆದರೆ ಬಿಸಿಲು ತಾಗಬಾರದು ಅಂತ ಅದರ ಮೇಲೆ ಬಟ್ಟೆ ಹೊದಿಸಬೇಡಿ. ಅನೇಕ ತಾಯಂದಿರು ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಒಳಗೆ ಗಾಳಿ ಆಡದೆ ಕಾವು ಏರುತ್ತದೆ, ಮಗುವಿನ ಮುಖವೂ ನಿಮಗೆ ಕಾಣುವುದಿಲ್ಲ. ಗಾಡಿಯದೇ ಕೊಡೆ ಸಾಕು.

ಮಣ್ಣಿಯ ಪುಡಿ ನೀವೇ ಒಯ್ಯಿರಿ, ಹೊಸ ಊರಿನಲ್ಲಿ ಹೊಸ ರುಚಿ ಕಲಿಸುವುದು ಬೇಡ. ಇಡ್ಲಿ, ಮೊಸರನ್ನ ಕರಾಮಾ, ಮೀನಾ ಬಜಾರ್ ಕಡೆ ಧಾರಾಳವಾಗಿ ಸಿಗುತ್ತದೆ. ಹಾಲು ಕುಡಿಸಲು ದೊಡ್ಡ ಮಾಲ್‌ಗಳಲ್ಲಿ ಪ್ರತ್ಯೇಕ ಕೋಣೆ ಇರುತ್ತದೆ.

ಕಾರಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ ಕಡ್ಡಾಯ. ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ಗಂಡನಿಗೆ ಈಗಲೇ ಹೇಳಿ ಸೀಟ್ ಹಾಕಿಸಿಡಿ, ಏರ್‌ಪೋರ್ಟಿನಿಂದ ಬರುವಾಗಲೇ ಬೇಕಲ್ವಾ. ಮೆಟ್ರೋದಲ್ಲಿ ಹೆಂಗಸರಿಗೂ ಮಕ್ಕಳಿಗೂ ಬೇರೆ ಡಬ್ಬಿ ಇದೆ. ಗಂಡ ಅಲ್ಲಿ ಹತ್ತಿದರೆ 100 ದಿರ್ಹಮ್ ದಂಡ. ತಿನ್ನುವುದು, ಕುಡಿಯುವುದಕ್ಕೂ ಅಷ್ಟೇ ದಂಡ. ಸ್ಟೇಷನ್ ಒಳಗೆ ಹೋಗುವ ಮುಂಚೆಯೇ ಎಲ್ಲರೂ ನೀರು ಕುಡಿದುಬಿಡಿ.

ಪ್ರಶ್ನೆ: ದುಬೈನಲ್ಲಿರೋ ಮಗಳ ಮನಿಗೆ ಹೊಂಟೇವಿ. ಮೊಮ್ಮಕ್ಕಳಿಗೆ ಅಂಟಿನುಂಡಿ, ಕರ್ಜಿಕಾಯಿ, ಶೇಂಗಾ ಚಟ್ನಿ, ಜೊತಿಗೆ ಇಲ್ಲಿ ಡಾಕ್ಟ್ರು ಕೊಟ್ಟ ಕೆಮ್ಮಿನ ಔಷಧ ಒಯ್ಯಬಹುದೇನ್ರಿ? ಹುಬ್ಬಳ್ಳಿಯಿಂದ ಒಬ್ಬ ಅಜ್ಜಿ.

ಉತ್ತರ: ಅಜ್ಜಿ, ಚಟ್ನಿಪುಡಿ ಖಂಡಿತ ಒಯ್ಯಿರಿ. ಆದರೆ ಅಂಟಿನುಂಡಿಗೂ ಕರ್ಜಿಕಾಯಿ ಹೂರಣಕ್ಕೂ ಕಸಕಸಿ ಹಾಕುತ್ತೀರಲ್ಲ, ಅದು ಮಾತ್ರ ಬೇಡವೇ ಬೇಡ. ನಾವು ಗಸಗಸೆ ಅನ್ನುವುದೂ ಅದನ್ನೇ. ಯುಎಇಯಲ್ಲಿ ಗಸಗಸೆಗೆ ನಿಷೇಧ ಇದೆ. ಅದು ಅಫೀಮಿನ ಗಿಡದ ಬೀಜ, ಅಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೇ ಸೇರುತ್ತದೆ. ಚಿಟಿಕೆಯಷ್ಟು ಕೂಡ ಬೇಡ, ಕಸಕಸಿ ಇಲ್ಲದೆ ಒಣಕೊಬ್ಬರಿ, ಬೆಲ್ಲದಲ್ಲೇ ಮಾಡಿ. ವೀಳ್ಯದೆಲೆಯನ್ನೂ ಚೀಲದಿಂದ ತೆಗೆದಿಡಿ.

ಕೆಮ್ಮಿನ ಸಿರಪ್ಪಿನ ಬಾಟಲಿ ಮೇಲೆ ‘ಕೋಡೀನ್’ ಅಂತ ಇದೆಯಾ ಅಂತ ಯಾರಿಂದಾದರೂ ಓದಿಸಿ. ಇದ್ದರೆ ಒಯ್ಯುವ ಹಾಗಿಲ್ಲ, ಮೊದಲೇ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಬೇಕು. ಟ್ರಮಡಾಲ್ ಅನ್ನುವ ನೋವಿನ ಮಾತ್ರೆಗೂ ಇದೇ ನಿಯಮ. ನಿಮ್ಮ ಬಿಪಿ, ಶುಗರ್ ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಳ್ಳಬೇಡಿ, ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಮೊಮ್ಮಕ್ಕಳ ಕೆಮ್ಮಿಗೆ ಅಲ್ಲಿಯ ಡಾಕ್ಟರೇ ನೋಡಲಿ.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಡೆಸರ್ಟ್ ಸಫಾರಿ ಆಸೆ. ಅವನಿಗೆ ಘಾಟಿ ರಸ್ತೆಯಲ್ಲಿ ವಾಂತಿ ಆಗುತ್ತದೆ, ಸ್ವಲ್ಪ ಆಸ್ತಮಾ ಕೂಡ ಇದೆ. ಬೆಂಗಳೂರಿನಿಂದ.

ಉತ್ತರ: ಮರಳು ದಿಬ್ಬಗಳ ಮೇಲೆ ಗಾಡಿ ಹತ್ತಿಸಿ ಇಳಿಸುವುದು ಚಾರ್ಮಾಡಿ ಘಾಟಿಗಿಂತ ಜಾಸ್ತಿ ಕುಲುಕುತ್ತದೆ. ‘ದಿಬ್ಬ ಬೇಡ, ನೇರ ಕ್ಯಾಂಪಿಗೆ ಕರೆದುಕೊಂಡು ಹೋಗಿ’ ಅಂತ ಬುಕ್ ಮಾಡುವಾಗಲೇ ಕೇಳಿ. ಒಂಟೆ, ಮರಳಾಟ, ಊಟ ಎಲ್ಲ ಕ್ಯಾಂಪಿನಲ್ಲೇ ಇರುತ್ತದೆ. ಅವನು ಹಟ ಹಿಡಿದರೆ ಎರಡು ಗಂಟೆ ಮುಂಚೆ ಹಗುರ ತಿಂಡಿ ಕೊಡಿ. ವಾಂತಿ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳಿಯೇ ಕೊಡಬೇಕು. ಇನ್‌ಹೇಲರ್ ಮತ್ತು ಅದಕ್ಕೆ ಜೋಡಿಸುವ ಕೊಳವೆ (ಸ್ಪೇಸರ್) ಗಾಡಿಯ ಡಿಕ್ಕಿಯಲ್ಲಿ ಅಲ್ಲ, ನಿಮ್ಮ ಕೈಚೀಲದಲ್ಲಿರಲಿ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಅದನ್ನು ಬಿಡಬಾರದು. ಗಾಳಿಗೆ ಧೂಳು ಎದ್ದ ದಿನ ಹೊರಡಬೇಡಿ. ಬುಕ್ ಮಾಡುವ ಮೊದಲೇ ದಿನ ಬದಲಿಸಿಕೊಡುತ್ತಾರಾ ಅಂತ ವಿಚಾರಿಸಿಕೊಳ್ಳಿ.