ಸ್ಕ್ರೀನ್‌ಶಾಟ್ ಇದೆ ಅಂತ ಚಾಟ್ ಅಳಿಸಬೇಡಿ

ಪ್ರಶ್ನೆ: ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಬೆದರಿಕೆ ಹಾಕಿದ್ದರು. ಸ್ಕ್ರೀನ್‌ಶಾಟ್ ತೆಗೆದಿಟ್ಟು, ನೋಡಿದರೆ ಭಯವಾಗುತ್ತೆ ಅಂತ ಚಾಟ್ ಅಳಿಸಿದೆ. ಕೋರ್ಟಿಗೆ ಇಷ್ಟು ಸಾಕಲ್ವಾ?

ಉತ್ತರ: ಇಷ್ಟನ್ನೇ ನಂಬಿ ಕೂರಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದೂ ಚಾಟ್ ಅಳಿಸಿ ಆದ ಮೇಲೆ! ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಅಳಿಸಿದ್ದರಿಂದ ಅನುಕೂಲವಾಗುವುದು ಆರೋಪಿಗೆ.

ಸ್ಕ್ರೀನ್‌ಶಾಟ್ ಅಂದರೆ ಪರದೆಯ ಫೋಟೊ, ಅಷ್ಟೇ. ನನ್ನ ಗೆಳೆಯನ ನಂಬರನ್ನು ನಿಮ್ಮ ಹೆಸರಿನಲ್ಲಿ ಸೇವ್ ಮಾಡಿಕೊಂಡು, ಅವನಿಂದ ನಾಲ್ಕು ಬೈಗುಳ ಕಳಿಸಿಕೊಂಡರೆ, ಫೋಟೊದಲ್ಲಿ ಬೈದವರು ನೀವೇ. ಎರಡು ನಿಮಿಷದ ಕೆಲಸ. ಕಳಿಸಿದವರ ನಿಜವಾದ ನಂಬರು, ಮೆಸೇಜಿನ ಗುರುತು, ಸಮಯ ಎಲ್ಲ ಇರುವುದು ಫೋನಿನೊಳಗಿನ ಡೇಟಾಬೇಸ್‌ನಲ್ಲಿ. ನಮಗೆ ಬೇಕಾದ್ದು ಅದು.

ಫೋನ್ ನಮ್ಮ ಫೊರೆನ್ಸಿಕ್ (ಸಾಕ್ಷ್ಯ ಪರೀಕ್ಷಿಸುವ) ಲ್ಯಾಬಿಗೆ ಬಂದರೆ ಮೊದಲು ನೆಟ್‌ವರ್ಕ್ ಸಿಗದಂತೆ ಮಾಡುತ್ತೇವೆ. ಇಲ್ಲದಿದ್ದರೆ ದೂರದಿಂದಲೇ ಯಾರಾದರೂ ಅಳಿಸಿಬಿಡಬಹುದು. ಆಮೇಲೆ ಡೇಟಾ ನಕಲು ಮಾಡಿ ಅದರ ಹ್ಯಾಶ್, ಅಂದರೆ ಆ ಡೇಟಾದಿಂದಲೇ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ತೆಗೆಯುತ್ತೇವೆ. ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನದಲ್ಲಿ ಅದು ಅಕ್ಷರ, ಅಂಕಿ ಸೇರಿ 64ರ ಸಾಲು. ನಕಲಿನಲ್ಲಿ ಒಂದು ಕಾಮಾ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. 'ಅವತ್ತಿನಿಂದ ಇದನ್ನು ಯಾರೂ ತಿದ್ದಿಲ್ಲ' ಎಂದು ಕೋರ್ಟಿನಲ್ಲಿ ನಾನು ಧೈರ್ಯವಾಗಿ ಹೇಳುವುದು ಆ ಸಾಲನ್ನು ನಂಬಿ.

ಈಗ ಫೋನ್ ಬಳಸುವುದನ್ನು ನಿಲ್ಲಿಸಿ. ಇಂಟರ್ನೆಟ್ ಆಫ್ ಮಾಡಿ. ಹೊಸ ಬ್ಯಾಕಪ್ ಆದರೆ ಹಳೆಯದು ಹೋಗಬಹುದು. ಅಳಿಸಿದ ಮೆಸೇಜ್ ಸ್ವಲ್ಪ ಕಾಲ ಒಳಗೇ ಉಳಿದಿರಬಹುದು, ಆ ಜಾಗಕ್ಕೆ ಹೊಸದು ಬಂದು ಕೂತರೆ ಮುಗಿಯಿತು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅದನ್ನೇ ಹಿಡಿದು ಇವತ್ತೇ ದೂರು ಕೊಡಿ. 'ಏನು ಅಳಿಸಿದ್ರೂ ವಾಪಸ್ ತರ್ತೀವಿ' ಎನ್ನುವ ಆ್ಯಪ್‌ಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಅವುಗಳಿಂದಲೇ ಉಳಿದಿದ್ದ ಸಾಕ್ಷಿಯೂ ಹಾಳಾಗಿದ್ದನ್ನು ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ಬೇರೆಯವರ ಫೋನಿಗೆ ಗುಟ್ಟಾಗಿ ಆ್ಯಪ್ ಹಾಕಿ ಸಾಕ್ಷಿ ಹುಡುಕಬಹುದಾ?

ಉತ್ತರ: ಬೇಡ. ಕೇಸು ನಿಮ್ಮ ಮೇಲೇ ಬೀಳುತ್ತದೆ.

ಪ್ರಶ್ನೆ: ಕಂಪ್ಯೂಟರ್ ಮುಖ ಗುರುತಿಸಿದರೆ ಅವನೇ ಕಳ್ಳ ಅಲ್ವಾ?

ಉತ್ತರ: ಅಲ್ಲ. ಹೋಲುವ ಮುಖ ತೋರಿಸುವುದಷ್ಟೇ ಅದರ ಕೆಲಸ. 2020ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಇಂಥ ತಪ್ಪು ಹೋಲಿಕೆಯ ಜಾಡು ಹಿಡಿದು ಒಬ್ಬ ನಿರಪರಾಧಿಯನ್ನು ಹೆಂಡತಿ ಮಕ್ಕಳ ಎದುರೇ ಬಂಧಿಸಿದರು. ಆ ನಿರಪರಾಧಿ ಸುಮಾರು 30 ಗಂಟೆ ಪೊಲೀಸರ ವಶದಲ್ಲಿದ್ದರು.